ಬದುವಿನ ಸೊಪ್ಪಿಗೆ ಕಾಲಂ ಇಲ್ಲದ ಕಾರಣ

ಇಂದ:
ಕಾಂತರಾಜು, ಎಂ.ಎಸ್ಸಿ. (ಸಸ್ಯಶಾಸ್ತ್ರ)
ಸಮೀಕ್ಷಕ, ನಗರ-ಗ್ರಾಮ ಆಹಾರ ಯೋಜನಾ ಸಮಿತಿ

ಗೆ:
ಶ್ರೀಮತಿ ಲಕ್ಕಮ್ಮನವರು, ದೊಡ್ಡಬೆಳವಂಗಲ
(ಓದಿ ಹೇಳುವವರು: ಮೊಮ್ಮಗಳು ಅಕ್ಷತ)

ವಿಷಯ: ಸೋಮವಾರ ಕಳೆನಾಶಕ ಹೊಡೆಯುವವರ ಮುಂದೆ ನಡೆದು ಸೊಪ್ಪು ಉಳಿಸಿಕೊಡುವ ಬಗ್ಗೆ.

ಉಲ್ಲೇಖ: ಕಳೆದ ಗುರುವಾರ ಅಪ್ಪಯ್ಯಣ್ಣನವರ ಹೊಲದಲ್ಲಿ ತಾವು ಅರ್ಜಿದಾರನಿಗೆ ಮೌಖಿಕವಾಗಿ ನೀಡಿದ ಬೈಗುಳ.

ಮಾನ್ಯರೇ,

1. ವಿಮಾನ ನಿಲ್ದಾಣ ಬಂದ ಮೇಲೆ ಹೊಲಗಳೆಲ್ಲ ಸೈಟುಗಳಾಗುತ್ತಿರುವ ಕಾರಣ, ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳು ಮುಂದೆ ಏನು ತಿನ್ನಬೇಕೆಂದು ಯೋಜಿಸಲು ಸಮಿತಿ ರಚನೆಯಾಯಿತು. ಈಗ ಏನು ತಿನ್ನುತ್ತಿವೆ ಎಂದು ತಿಳಿದುಕೊಂಡು ಬರಲು ಅರ್ಜಿದಾರನನ್ನು ಕಳಿಸಲಾಯಿತು.

2. ಸದರಿಯವನು ತಮ್ಮ ಜಗಲಿಯಲ್ಲಿ ಕುಳಿತು, ತಾವು ಬಡಿಸಿದ ಬೆರಕೆ ಸೊಪ್ಪಿನ ಸಾರಿನಲ್ಲಿ ಎರಡು ಮುದ್ದೆ ಮುಗಿಸುತ್ತಾ, ಸೊಪ್ಪನ್ನು ಎಲ್ಲಿ ಕೊಂಡಿರಿ ಎಂದು ಕೇಳಿದನು. "ಕೊಂಡ್ಕೊಳ್ಳೋದೇನಪ್ಪಾ, ಹೊಲದ್ ಬದಿನ ಮೇಲಿಂದ ಕಿತ್ಕೊಂಡ್ ಬಂದೆ" ಎಂದಿರಿ. ನಮೂನೆಯಲ್ಲಿ ಕೊಂಡದ್ದು, ಬೆಳೆದದ್ದು ಎಂಬ ಎರಡೇ ಕಾಲಂ ಇದ್ದ ಕಾರಣ, "ಸೊಪ್ಪಿನ ಸೇವನೆ: ಇಲ್ಲ" ಎಂದು ಬರೆದನು. ಬರೆಯುವಾಗ ಅವನ ಬಾಯಲ್ಲಿ ಸೊಪ್ಪಿತ್ತು.

3. ನೂರಾ ಹನ್ನೆರಡು ಮನೆಗಳಲ್ಲಿ ಹೀಗೇ ಬರೆದ ಕಾರಣ, ಹೋಬಳಿಯ ಜನ ಸೊಪ್ಪೇ ತಿನ್ನುವುದಿಲ್ಲವೆಂದು ಸಮಿತಿಗೆ ಗಾಬರಿಯಾಯಿತು. ಆದ್ದರಿಂದ ಸೊಪ್ಪಿನ ಬೀಜದ ಪೊಟ್ಟಣ ಹಂಚುವುದೆಂದೂ, ಅದಕ್ಕೆ ಮೊದಲು ಬದುಗಳ ಕಳೆ ತೆಗೆಯುವುದೆಂದೂ ತೀರ್ಮಾನವಾಯಿತು. ಕಳೆಗಳ ಪಟ್ಟಿ ತಯಾರಿಸಿದವನೂ ಅರ್ಜಿದಾರನೇ. ತಮ್ಮ ಸಾರಿನಲ್ಲಿದ್ದ ಅಣ್ಣೆ, ಗೋಣಿ, ಕನ್ನೆ, ಗಣಿಕೆ ಮುಂತಾದ ಹದಿನೇಳನ್ನು ಲ್ಯಾಟಿನ್ ಹೆಸರಿನಲ್ಲಿ, ಒಂದಕ್ಷರ ತಪ್ಪಿಲ್ಲದೆ ಬರೆದಿದ್ದನು.

4. ಮೊದಲು ಔಷಧಿ ಬಿದ್ದ ಅಪ್ಪಯ್ಯಣ್ಣನವರ ಬದು ಸುಟ್ಟಂತೆ ಕಂದಿದ ದಿನ ತಾವು ಸೊಪ್ಪಿಲ್ಲದ ಬರಿ ಮಡಿಲಲ್ಲಿ ನಿಂತು, "ನಾವು ಸೊಪ್ಪು ತಿನ್ನಲ್ಲ ಅಂತ ಬರ್ದಿದ್ಯಲ್ಲ. ಈಗ ನೀನ್ ಬರ್ದಿದ್ದು ನಿಜ ಆಯ್ತು ಬಿಡಪ್ಪ" ಎಂದಿರಿ. ಅಪ್ಪಯ್ಯಣ್ಣನವರು, "ಓದಿರೋರು ಕಣಮ್ಮ, ಏನೋ ಒಂದ್ ಮಾಡ್ತಾರೆ" ಎಂದು ಅರ್ಜಿದಾರನ ಪರ ವಹಿಸಿದರು. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

5. ಉಳಿದ ಎಲ್ಲ ಬದುಗಳಿಗೂ ಸೋಮವಾರ ಔಷಧಿ ಹೊಡೆಯಲಿದ್ದಾರೆ. ನಿಲ್ಲಿಸಿರೆಂದು ಅರ್ಜಿದಾರ ಬರೆದರೆ, ಅವನದೇ ಸಹಿಯಿರುವ ಪಟ್ಟಿಯನ್ನು ಸಮಿತಿ ತೋರಿಸುತ್ತಿದೆ. ವಿಷಯತಜ್ಞರು ಸ್ಥಳದಲ್ಲಿ ನಿಂತು ತೋರಿಸಿದ ಗಿಡಗಳನ್ನು ಮಾತ್ರ ಬಿಡುತ್ತಾರಂತೆ. ಪಟ್ಟಿ ಬರೆದವನು ಇದಕ್ಕೆ ಅರ್ಹನಲ್ಲ.

ಆದ್ದರಿಂದ ತಾವು ವಿಷಯತಜ್ಞರಾಗಿ ಬೆಳಿಗ್ಗೆ ಏಳಕ್ಕೆ ಬದು ಹತ್ತಬೇಕಾಗಿ ಪ್ರಾರ್ಥನೆ. ಅವನ ಮುಖ ನೋಡುವುದಿಲ್ಲ ಎಂದು ತಾವು ತಿಳಿಸಿರುವ ಕಾರಣ, ಅರ್ಜಿದಾರ ಹಿಂದೆಯೇ ನಡೆಯುವನು.

ತಮ್ಮ ವಿಶ್ವಾಸ ಕಳೆದುಕೊಂಡಿರುವ,
ಕಾಂತರಾಜು

ಅಡಕ:
1. ತಿದ್ದಿದ ನಮೂನೆ, ಮೂರನೇ ಕಾಲಂ ಸಹಿತ.
2. ಅರ್ಜಿದಾರ ತಾನೇ ಗುರುತಿಸಿ ಕಿತ್ತ ಬೆರಕೆ ಸೊಪ್ಪು, ಒಂದು ಹಿಡಿ. ತಾವು ಪರಿಶೀಲಿಸುವವರೆಗೆ ಸಾರಿಗೆ ಹಾಕಬಾರದೆಂದು ಕೋರಿಕೆ.