ಗೊಟ್ಟಿಗೆರೆ ವೈನಿನ ಹಕ್ಕುದಾರ

ಪತ್ರಿಕೆಯಲ್ಲಿ ಎಲ್ಲರೂ ಹಾರಿಸಿಬಿಡುವ ಸುದ್ದಿಯನ್ನೇ ಹುಡುಕಿ ಓದುವ ಚಾಳಿ ನನ್ನದು. ಒಂದು ಊರಿನ ವೈನಿನ ಹೆಸರನ್ನು ಇನ್ನೊಂದು ಊರಿನವರು ಬಾಟಲಿಗೆ ಹಾಕಿಕೊಳ್ಳಬಹುದೇ ಎಂದು ದೇಶದೇಶಗಳ ದೊಡ್ಡಮನುಷ್ಯರು ವರ್ಷಗಟ್ಟಲೆ ಚರ್ಚಿಸುತ್ತಿದ್ದಾರಂತೆ, ಮಾತುಕತೆ ನಿಂತೇಹೋಗಿದೆಯಂತೆ. ಬೇರೆಯವರು ನಕ್ಕಾರು, ನಾನು ನಗಲಿಲ್ಲ. ನಮ್ಮ ಮನೆಯಲ್ಲೂ ಮೂರು ವರ್ಷದಿಂದ ಇದೇ ವ್ಯಾಜ್ಯ, ಮತ್ತು ನಾನು ಒಂದಿಂಚೂ ಬಿಟ್ಟುಕೊಡುವವನಲ್ಲ.

ಗೊಟ್ಟಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ನಮ್ಮ ಹಿತ್ತಲಲ್ಲಿ ಅಪ್ಪ ದ್ರಾಕ್ಷಿ ಚಪ್ಪರ ಹಾಕಿದ್ದರು. ಆ ಕಪ್ಪು ದ್ರಾಕ್ಷಿಯಿಂದ ಅಮ್ಮ ಜಾಡಿಯಲ್ಲಿ ವೈನ್ ಮಾಡಿ, "ಔಷಧಿ" ಎಂದು ನೆಂಟರಿಗೆ ಹಂಚುತ್ತಿದ್ದಳು. ಆಶ್ಚರ್ಯವೆಂದರೆ ನೆಂಟರಿಗೆಲ್ಲ ಒಟ್ಟಿಗೇ ಕಾಯಿಲೆ ಬರುತ್ತಿತ್ತು. ಅಮ್ಮ ಹೋದ ಮೇಲೆ ಜಾಡಿ ನನಗೆ ಬಂತು, ವೈನ್ ಮಾಡುವ ಕೆಲಸವೂ ಬಂತು. ಜೊತೆಗೆ ಊರಿನ ಹೆಸರೂ ಬಂತೆಂದೇ ತಿಳಿದಿದ್ದೆ. ಅಷ್ಟರಲ್ಲಿ ಹುಳಿಮಾವಿಗೆ ಮದುವೆಯಾಗಿ ಹೋದ ತಂಗಿ ಜಯಾ ಅಲ್ಲೇ ವೈನ್ ಮಾಡಿ, "ಗೊಟ್ಟಿಗೆರೆ ವೈನ್" ಎಂದು ಚೀಟಿ ಅಂಟಿಸಿ ಎಲ್ಲರ ಮನೆಗೂ ಕಳಿಸತೊಡಗಿದಳು! "ಥೇಟ್ ಅಮ್ಮನ ಕೈರುಚಿ" ಎಂದು ನೆಂಟರು ಹೊಗಳಿದ್ದು ಅವಳನ್ನು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಹೋದ ತಿಂಗಳು ಒಂದು ಭಾನುವಾರ ನನ್ನ ಹೆಂಡತಿಯ ಅಧ್ಯಕ್ಷತೆಯಲ್ಲಿ, ಉಪ್ಪಿಟ್ಟಿನ ಸಮ್ಮುಖದಲ್ಲಿ, ಮತ್ತೊಂದು ಸುತ್ತಿನ ಮಾತುಕತೆ ನಡೆಯಿತು.

"ನೋಡು ಜಯಾ, ನೀನಿರೋದು ಹುಳಿಮಾವಲ್ಲಿ. ಹುಳಿಮಾವು ವೈನ್ ಅಂತ ಹಾಕ್ಕೋ. ಗೊಟ್ಟಿಗೆರೆ ಹೆಸರು ಗೊಟ್ಟಿಗೆರೇಲಿರೋರಿಗೆ," ಎಂದೆ ಗಟ್ಟಿಯಾಗಿ.

"ಆಯ್ತಣ್ಣ. ನಿನ್ನ ದ್ರಾಕ್ಷಿ ಎಲ್ಲೀದು?"

ನಾನು ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕತೊಡಗಿದೆ.

"ಬನಶಂಕರಿ ಮಾರ್ಕೆಟ್‌ದು ಕಣೇ, ಇನ್ನೆಲ್ಲೀದು," ಎಂದಳು ಅಧ್ಯಕ್ಷೆ.

"ಬಾಡಿಗೆ ಮನೆ ಕಟ್ಟಿಸ್ಬೇಕು ಅಂತ ಅಪ್ಪನ ಚಪ್ಪರ ಕಡಿಸ್ದೋನು ನೀನು. ಅದಕ್ಕೆ ಮುಂಚೆ ಒಂದು ಕಡ್ಡಿ ತಗೊಂಡ್ಹೋಗಿ ನೆಟ್ಟೋಳು ನಾನು. ಬಳ್ಳಿ ನಮ್ಮನೇಲಿದೆ. ನಿನ್ ಹತ್ರ ಇರೋದು ಬರೀ ಪಿನ್‌ಕೋಡು." ಜಯಾ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟಳು.

ಚಪ್ಪರ ಕೆಡವಿದ ದಿನ ನಾನು ಮೇಸ್ತ್ರಿಯ ಜೊತೆ ಪಿಲ್ಲರ್ ಎಲ್ಲಿ ಬರಬೇಕೆಂದು ಮಾತಾಡುತ್ತಿದ್ದೆ, ತಿರುಗಿಯೂ ನೋಡಿರಲಿಲ್ಲ. ನಾಚಿಕೆಯಾಯಿತು. ಆದರೂ ಹಟ ಹಟವೇ.

"ನಂಗೂ ಒಂದು ಕಡ್ಡಿ ಕೊಡು," ಎಂದೆ.

"ಕೊಡ್ತೀನಿ. ಅದು ಹಣ್ಣು ಬಿಡೋವರ್ಗೂ ಹೆಸರು ನಂದು."

ಒಪ್ಪಿದೆ. ಈಗ ತಾರಸಿಯ ಮೇಲೆ, ಖಾಲಿ ಪೇಂಟ್ ಬಕೆಟ್ಟಿನಲ್ಲಿ ಆ ಕಡ್ಡಿ ನಿಂತಿದೆ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮುಂಚೆಯೇ ನೀರು ಹಾಕುತ್ತೇನೆ. ನಿನ್ನೆ ಒಂದು ಎಲೆ ಬಂದಿದೆ. ಹೆಂಡತಿಯನ್ನು ಎರಡು ಸಲ ಮೆಟ್ಟಿಲು ಹತ್ತಿಸಿ ತೋರಿಸಿದೆ. ಅದು ಹಣ್ಣು ಬಿಡುವವರೆಗೆ ನನ್ನ ಬಾಟಲಿಗೂ ಏನಾದರೂ ಹೆಸರು ಬೇಕಲ್ಲ, ಅವಳೇ "ಔಷಧಿ" ಎಂದು ಚೀಟಿ ಬರೆದು ಅಂಟಿಸಿದ್ದಾಳೆ. ಆಶ್ಚರ್ಯವೆಂದರೆ, ಈ ವರ್ಷ ನಮ್ಮ ನೆಂಟರೆಲ್ಲ ಬಹಳ ಆರೋಗ್ಯವಾಗಿದ್ದಾರೆ.