ಮಾಯಾಮೃಗದ ಹಿಂಗಾಲುಗಳ ಅಹವಾಲು

ಕುಮಟೆಯ ಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿ ವಿರಾಜಮಾನರಾಗಿರುವ ಶ್ರೀಮಾನ್ ಮಾಯಾಮೃಗದವರ ಪಾದಗಳಿಗೆ, ಅಂದರೆ ಅಲ್ಲಿ ಸದ್ಯಕ್ಕೆ ಲಭ್ಯವಿರುವ ಎರಡು ಪಾದಗಳಿಗೆ, ಹೊಳನಗದ್ದೆಯ ಬೊಮ್ಮಯ್ಯನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಬ್ಯಾಲೆ ಎಂದರೇನೆಂದು ಈ ಕರಾವಳಿಗೆ ಮೊದಲು ತೋರಿಸಿಕೊಟ್ಟ ನಮ್ಮ ಕಡಲಸಿರಿ ಬ್ಯಾಲೆ ಕಂಪನಿ ಹುಟ್ಟಿ ಐವತ್ತು ವರ್ಷವಾದ ಸಂಭ್ರಮದಲ್ಲಿ, ತಮ್ಮನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಸಾರ್ವಜನಿಕರ ದರ್ಶನಕ್ಕೆ ಇಟ್ಟಿದ್ದು ಕೇಳಿ ಪರಮಾನಂದವಾಯಿತು. ತಮ್ಮ ವೇಷದ ಮುಂಗಾಲುಗಳಲ್ಲಿ ಕತಗಾಲದ ಕಮಲಾಕರ ಹೆಗಡೆಯವರೂ ಹಿಂಗಾಲುಗಳಲ್ಲಿ ನಾನೂ ಇದ್ದು, ಸೀತೆಗೆ ಆಸೆ ಹುಟ್ಟಿಸುತ್ತ ಊರೂರು ಕುಣಿದದ್ದು ತಮಗೆ ನೆನಪಿರಬಹುದು. ಹೆಗಡೆಯವರಿಗೆ ನೋಡಲು ಕಣ್ಣಿನ ತೂತುಗಳಿದ್ದವು; ನನಗಿದ್ದದ್ದು ಹಿಡಿದುಕೊಳ್ಳಲು ಅವರ ಸೊಂಟ ಮಾತ್ರ. ಆದರೂ ರಾಮನ ಬಾಣ ತಗಲಿದೊಡನೆ ಮುಂಭಾಗ ಥಟ್ಟನೆ ಒರಗಿಬಿಡುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದದ್ದು ಹಿಂಗಾಲುಗಳ ಒದ್ದಾಟಕ್ಕೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ನನ್ನ ಹೆಂಡತಿ ಮಾದೇವಿ ಮದುವೆಯಾಗಿ ಬರುವಷ್ಟರಲ್ಲಿ ಕಂಪನಿ ಮುಚ್ಚಿತ್ತು. ನಾನು ಕುಣಿಯುತ್ತಿದ್ದೆ ಎಂಬುದನ್ನು ಅವಳು ಎಂದೂ ನಂಬಿದವಳಲ್ಲ. ಕಂಪನಿಯ ಒಂದು ಫೋಟೋದಲ್ಲೂ ನನ್ನ ಮುಖವಿಲ್ಲ, ಇರುವ ಜಾಗವೂ ಅದಲ್ಲ. ಇನ್ನಾದರೂ ನಂಬಲಿ ಎಂದು, ಒಳ್ಳೆಯ ಸೀರೆ ಉಡಲು ಹೇಳಿ ಅವಳನ್ನು ಕುಮಟೆಗೆ ಕರೆತಂದೆ. ಬಂದು ನೋಡಿದರೆ ತಾವು ಹೊಟ್ಟೆಯ ಹತ್ತಿರವೇ ಮುಗಿದುಹೋಗಿದ್ದೀರಿ.

ವಿಚಾರಿಸಲಾಗಿ, ಪ್ರದರ್ಶನ ಮೂರು ತಾಲೂಕುಗಳದ್ದಾದ್ದರಿಂದ ಜಿಂಕೆ ಯಾರಿಗೆ ಎಂಬ ಜಗಳವೆದ್ದು, ಸಮಿತಿಯ ಗುರುದತ್ತರು ಹಲಸಿನಹಣ್ಣು ಹಂಚುವಂತೆ ತಮ್ಮನ್ನು ಹಂಚಿ, ತಲೆಯನ್ನು ಕುಮಟೆಗೂ ಹೊಟ್ಟೆಯನ್ನು ಹೊನ್ನಾವರಕ್ಕೂ ಹಿಂಭಾಗವನ್ನು ಭಟ್ಕಳಕ್ಕೂ ಕಳಿಸಿಕೊಟ್ಟರಂತೆ. ಇಂಥ ನ್ಯಾಯವಂತರು ನಮ್ಮ ಪುಣ್ಯ. ಹೊನ್ನಾವರದವರು ಹೊಟ್ಟೆಗೂ ರಿಬ್ಬನ್ ಕತ್ತರಿಸಿ ಭಾಷಣ ಮಾಡಿದರೆಂದು ತಿಳಿದು ಸಂತೋಷವಾಯಿತು. ಮಾದೇವಿ ಮಾತ್ರ ಪೆಟ್ಟಿಗೆಯನ್ನು ಸುತ್ತು ಹಾಕಿ ಬಂದು, "ಮುಂದಿಂದು ನೀವಲ್ಲ, ಹಿಂದಿಂದು ಇಲ್ಲೇ ಇಲ್ಲ, ಹಂಗಾರೆ ನೀವು ಕುಣದ್ದು ಎಂತ?" ಎಂದು ಕೇಳಿದಳು. ನನಗೆ ನಿಂತಲ್ಲೇ ನಾಚಿಕೆಯಾಯಿತು, ಸಿಟ್ಟೂ ಬಂತು.

ಹಾಗೆಯೇ ಬಸ್ಸು ಹತ್ತಿ ಭಟ್ಕಳಕ್ಕೆ ಹೋದೆವು. ಅಲ್ಲಿ ತಮ್ಮ ಹಿಂಭಾಗವು ಬಾಲ ಮೇಲೆತ್ತಿಕೊಂಡು, ಬಂದವರನ್ನೆಲ್ಲ ಮುಖವಿಲ್ಲದೆ ಸ್ವಾಗತಿಸುತ್ತ ಮೇಜಿನ ಪಕ್ಕ ನಿಂತಿತ್ತು. ಕೆಳಗಿನ ಫಲಕದಲ್ಲಿ 'ಕಲಾವಿದರು: ಕಮಲಾಕರ ಹೆಗಡೆ' ಎಂದಿತ್ತು. ಹೆಗಡೆಯವರು ದೊಡ್ಡ ಕಲಾವಿದರು, ಅನುಮಾನವಿಲ್ಲ. ಆದರೆ ಕುಮಟೆಯಲ್ಲಿ ತಲೆಯೂ ಭಟ್ಕಳದಲ್ಲಿ ಕಾಲೂ ಇರುವಷ್ಟು ಉದ್ದವಿರಲಿಲ್ಲ. ಮೇಲ್ವಿಚಾರಣೆಯ ರೇಖಾ ಮೇಡಂ ಬೇಡವೆನ್ನುವುದರೊಳಗೆ ಚಪ್ಪಲಿ ಕಳಚಿ, ತಮ್ಮೊಳಗೆ ಹೊಕ್ಕು, ಸೊಂಟದ ಬದಲು ಮೇಜಿನ ಅಂಚು ಹಿಡಿದು, ಬಾಣ ತಗಲಿದವನಂತೆ ಒದ್ದಾಡಿಯೇ ಬಿಟ್ಟೆ. ಚಪ್ಪಾಳೆ ಬಿತ್ತು. ಮರುದಿನದ ಪತ್ರಿಕೆ ಫಲಕವನ್ನೇ ನಂಬಿ, ಈ ಇಳಿವಯಸ್ಸಿನಲ್ಲೂ ಹೆಗಡೆಯವರ ಚುರುಕು ಕುಗ್ಗಿಲ್ಲವೆಂದು ಬರೆಯಿತು. ಹೆಗಡೆಯವರು ತೀರಿಕೊಂಡು ವರ್ಷಗಳೇ ಆದವು.

ಆದ್ದರಿಂದ ವಿನಮ್ರ ಪ್ರಾರ್ಥನೆಯೇನೆಂದರೆ, ತ್ರೇತಾಯುಗದಿಂದಲೂ ಮಾಯೆ ಬಲ್ಲ ತಾವು ಗಾಜಿನ ಪೆಟ್ಟಿಗೆಯಿಂದ ಎದ್ದು, ಹೆದ್ದಾರಿಯ ಹೊಂಡಗಳನ್ನು ಹಾರಿ, ಹೊನ್ನಾವರದಲ್ಲಿ ಹೊಟ್ಟೆಯನ್ನು ಕೂಡಿಸಿಕೊಂಡು, ಭಟ್ಕಳ ತಲುಪಿ, ಆ ಫಲಕದ ಮುಂದೆ ನನ್ನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಬೇಕು. ಸಾಯುವ ಹೊತ್ತಿನಲ್ಲೂ ಲಕ್ಷ್ಮಣನನ್ನು ಕೂಗಿದ ಬಾಯಿಗೆ ಬೊಮ್ಮಯ್ಯನ ಹೆಸರು ಭಾರವಾಗಲಾರದು.

ತಮ್ಮ ವಿಶ್ವಾಸಿ,
ಬೊಮ್ಮಯ್ಯ, ಹೊಳನಗದ್ದೆ
(ತಮ್ಮ ಹಿಂಗಾಲುಗಳು)

ತಾ.ಕ.: ದರ್ಶನ ಕೊಡುವುದರಲ್ಲೇ ತಮಗೆ ಬಿಡುವಿಲ್ಲದಿದ್ದರೆ ಬರುವ ತೊಂದರೆ ಬೇಡ, ಫಲಕವೂ ಹೆಗಡೆಯವರ ಹೆಸರಲ್ಲೇ ಇರಲಿ. ಪತ್ರಿಕೆಯ ಸುದ್ದಿಯನ್ನು ಮಾದೇವಿಗೆ ಓದಿ ಹೇಳಿದೆ. ಅವಳು ಕೇಳಿ, "ಅವ್ರಿಗೆ ಎಂತ ಗೊತ್ತು. ನಿದ್ದೆಲಿ ನೀವು ಒದೆಯೂದೂ ಹಿಂಗೇ ಅಲ್ದಾ, ನಂಗೆ ಗುರ್ತ ಸಿಗ್ದೆ ಇರ್ತದಾ?" ಎಂದಳು.