ಟಗರು ಹೊತ್ತು ಓಡಿದ ಮಾವ

ನನ್ನ ಸೋದರಮಾವನಿಗೆ ಇದ್ದದ್ದು ಒಂದು ಮೈಯಲ್ಲ, ಎರಡು! ನಂಬದಿದ್ದವರು ರಾಯದುರ್ಗದ ದರ್ಜಿಯನ್ನು ಕೇಳಬಹುದಿತ್ತು. ಯುಗಾದಿಗೆ ಹೊಲಿದ ಅಂಗಿ ದಸರೆಯ ಹೊತ್ತಿಗೆ ಮಾವನ ತೋಳಿಗೇರುತ್ತಿರಲಿಲ್ಲ. ದಸರೆಯ ಅಂಗಿ ಸಂಕ್ರಾಂತಿಗೆ ಗೂಟಕ್ಕೆ ನೇತುಹಾಕಿದಂತೆ ಜೋಲುತ್ತಿತ್ತು.

ಇದಕ್ಕೆಲ್ಲ ಕಾರಣ ಅವನ ತಾಯಿ, ನಮ್ಮಜ್ಜಿ. ಮದರಾಸು ಸರ್ಕಾರದ ಕಾಲ ಅದು. ಮಂಡಿ ಸೋತ ಅಜ್ಜಿಗೆ ನಮ್ಮೂರ ಬೆಟ್ಟದ ಮೇಲಿನ ದೇವರನ್ನು ಸಾಯುವ ಮುಂಚೆ ಇನ್ನೊಮ್ಮೆ ನೋಡುವ ಆಸೆ. ಡೋಲಿ ತರಿಸೋಣವೆಂದರೆ ಒಪ್ಪಬೇಕಲ್ಲ!

“ನಾಕು ಮಂದಿ ಹೊರೋದು ಒಂದೇ ಸಲ. ಅದಕ್ಕಿನ್ನಾ ಹೊತ್ತೈತಿ” ಎಂದಳು.

“ಹಂಗಾದ್ರ ನಾನೊಬ್ನೇ ಹೊರ್ತೀನಿ” ಎಂದ ಮಾವ. ಹೇಳುವುದೇನೋ ಹೇಳಿಬಿಟ್ಟ! ಅಜ್ಜಿ ತುಂಬಿದ ಜೋಳದ ಚೀಲ. ಮಾವನೋ, ಗಾಳಿ ಬಂದ ಕಡೆ ತೂರಿಹೋಗುವ ಕಡ್ಡಿ ಪೈಲ್ವಾನ.

ಗರಡಿ ಸೇರಿದ. ದಂಡ, ಬಸ್ಕಿ, ಮೇಲೆ ಚೊಂಬುಗಟ್ಟಲೆ ಹಾಲು, ಬೆಣ್ಣೆ ಹಚ್ಚಿದ ರೊಟ್ಟಿ. ಅಜ್ಜಿಯೇ ಮುಂದೆ ಕೂತು ಬಡಿಸುತ್ತಿದ್ದಳು. ತಾನು ಮಾತ್ರ ಹಲ್ಲುನೋವೆಂದು ಅರ್ಧ ರೊಟ್ಟಿಗೇ ಏಳುತ್ತಿದ್ದಳು. ನೋಡನೋಡುತ್ತ ಮಾವನ ಕುತ್ತಿಗೆಯೇ ಎಲ್ಲಿ ಹೋಯಿತೋ ಕಾಣದಾಯಿತು! ಆದರೆ ಬೆಟ್ಟ ಹತ್ತಲು ಹೋದರೆ ಬುಡದಲ್ಲೇ ಏದುಸಿರು. ಬಲ ಬಂತು, ದಮ್ಮು ಹೋಯಿತು.

ದಮ್ಮಿಗಾಗಿ ಬಳ್ಳಾರಿ ರಸ್ತೆಯಲ್ಲಿ ಓಡತೊಡಗಿದ. ದಮ್ಮು ಬಂತು, ಮೈಯ ಖಂಡ ಕರಗಿತು! ಗಳಿಸಿದ ಮೈಯನ್ನೆಲ್ಲ ರಸ್ತೆಗೆ ಸುರಿದು ಬಂದನೆಂದು ಗರಡಿಯ ಉಸ್ತಾದರು ಹಣೆ ಚಚ್ಚಿಕೊಂಡರು.

ಆಗ ಮಾವನಿಗೆ ಹೊಳೆದದ್ದು ಮನೆಯ ಟಗರು! ಅದನ್ನು ಹೆಗಲಿಗೇರಿಸಿ ಓಡಿದರೆ ಬಲಕ್ಕೆ ಬಲ, ದಮ್ಮಿಗೆ ದಮ್ಮು. ಎಂಥ ತಲೆ ನೋಡಿ! ಮೊದಲ ದಿನವೇ ಸಂತೆಗೆ ಹೊರಟಿದ್ದ ಮಂದಿ “ದೊಂಗ, ದೊಂಗ” ಎಂದು ತೆಲುಗಿನಲ್ಲಿ ಕೂಗುತ್ತ, ಟಗರು ಕದ್ದ ಕಳ್ಳನೆಂದು ಬೆನ್ನಟ್ಟಿದರು. ಕೆಂಪು ರುಮಾಲಿನ ಪೊಲೀಸಪ್ಪನೂ ಸೇರಿಕೊಂಡ. ಮಾವ ನಿಂತು ವಿಷಯ ಹೇಳಬಹುದಿತ್ತಲ್ಲ? ಓಟ ಅರ್ಧಕ್ಕೆ ಬಿಟ್ಟರೆ ದಮ್ಮು ಕೆಡುತ್ತದಂತೆ! ಸೀದಾ ಮನೆ ಅಂಗಳಕ್ಕೇ ಬಂದು ಟಗರನ್ನು ಇಳಿಸಿದ. ಹಿಂದೆ ಬಂದವರಿಗೆಲ್ಲ ಅಜ್ಜಿ ಮಜ್ಜಿಗೆ ಕೊಟ್ಟಳು.

“ಕಳ್ಳ ಅಲ್ಲ ಅಂತ ಮೊದ್ಲೇ ಹೇಳಬಾರದೇನ್ರಿ?” ಎಂದ ಪೊಲೀಸಪ್ಪ, ಎರಡನೇ ಚೊಂಬು ಮುಗಿಸಿ.

“ಹೇಳಾಕ ನೀವು ಹತ್ರ ಬರಬೇಕಲ್ರಿ” ಎಂದ ಮಾವ.

ಟಗರು ಬಲಿಯಿತು, ಮಾವನೂ ಬಲಿತ. ಶ್ರಾವಣದ ಒಂದು ಸೋಮವಾರ ಅಜ್ಜಿಯನ್ನು ಬೆನ್ನಿಗೇರಿಸಿಕೊಂಡು ಹೊರಟೇಬಿಟ್ಟ! ಬುಡದಲ್ಲಿ ಅರ್ಧ ಊರು ನೆರೆದಿತ್ತು. ಗರಡಿಯವರು ಶಿಳ್ಳೆ ಹಾಕಿದರು. ನಾವು ಹಿಂದೆ ಓಡಿದೆವು. ಮಾವ ಎಲ್ಲಿಯೂ ನಿಲ್ಲಲಿಲ್ಲ, ಎಲ್ಲಿಯೂ ಇಳಿಸಲಿಲ್ಲ. ಗುಡಿಯ ಮುಂದೆ ಅಜ್ಜಿಯನ್ನು ಮೆಲ್ಲಗೆ ಕೂರಿಸಿದ. ಏದುಸಿರೇ ಇರಲಿಲ್ಲ. ಗೆದ್ದವನು ಕುಣಿಯಬೇಕಲ್ಲವೇ? ಅವನ ಕಣ್ಣಲ್ಲಿ ನೀರು.

“ಅವ್ವಾ, ನೀ ಟಗರಿನಷ್ಟೂ ಭಾರ ಇಲ್ಲಲ್ಲ” ಎಂದ.

ಅಜ್ಜಿ ಸೆರಗಿನಿಂದ ಅವನ ಮುಖ ಒರೆಸಿದಳು. “ನೀ ಮೈ ಏರಿಸಿದಷ್ಟು ನಾ ಇಳಿಸೀನಿ. ನೀನೊಬ್ನೇ ಹೊರಬೇಕಲ್ಲೋ.”

ಹಲ್ಲುನೋವು ಅವಳಿಗೆ ಇರಲೇ ಇಲ್ಲ.

ಇಳಿಯುವಾಗ ಮಾವ ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಇಳಿದ. ದಮ್ಮು ಬೇಕಾದಷ್ಟಿತ್ತು. ಅವ್ವನನ್ನು ಬೆನ್ನಿನಿಂದ ಇಳಿಸಲು ಅವನಿಗೆ ಮನಸ್ಸಿರಲಿಲ್ಲ.